ಇಟ್ಟಿಗೆ ಬಣ್ಣ ಮತ್ತು ಬೆಲ್ಲದ ಕಾಪಿ

ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಇರುವೆಗಳು. ಬಚ್ಚಲಿನಲ್ಲಿ ನಾನು ಕೂತೆದ್ದ ಕಡೆಯೆಲ್ಲ ಸಾಲುಗಟ್ಟಿ ಬರುತ್ತಿದ್ದವು. ಅದರ ಹಿಂದೆಯೇ ತೀರದ ಬಾಯಾರಿಕೆ, ಸುಸ್ತು. ಎಡಗಾಲಿನ ಹೆಬ್ಬೆರಳಿಗೆ ಜಿಗಣೆ ಕಚ್ಚಿದ ಗಾಯ ತಿಂಗಳಾದರೂ ಒಣಗಲಿಲ್ಲ.

ನನ್ನ ಗಂಡ ಬಿಟ್ಟಂಗಾಲದ ಬಳಿ, ಒಬ್ಬ ಬಿಳಿಯ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ವಾರಕ್ಕೊಮ್ಮೆ ಅಲ್ಲಿಯ ಡಿಸ್ಪೆನ್ಸರಿಗೆ ಬರುವ ಡಾಕ್ಟರು ನನ್ನ ಮೂತ್ರವನ್ನು ನೀಲಿ ಔಷಧದಲ್ಲಿ ಕುದಿಸಿದರು. ಅದು ಇಟ್ಟಿಗೆಯ ಹಾಗೆ ಕೆಂಪಾಯಿತು.

"ಡಯಾಬಿಟಿಸ್," ಎಂದರು. "ಸಕ್ಕರೆ ಪೂರಾ ಬಿಡಿ. ಅನ್ನ ಅರ್ಧ ಮಾಡಿ. ಗಾಯ ಹೀಗೇ ಇದ್ರೆ ಬೆರಳು ತೆಗೀಬೇಕಾಗ್ತದೆ."

ಬೆರಳು.

ಆಮೇಲೆ ಟೆಸ್ಟ್ ಟ್ಯೂಬು, ಸ್ಪಿರಿಟ್ ದೀಪ, ನೀಲಿ ಔಷಧದ ಬಾಟಲಿಯನ್ನು ನನ್ನ ಮುಂದಿಟ್ಟರು. ದಿನಾ ಬೆಳಿಗ್ಗೆ ನಾನೇ ಮೂತ್ರ ಪರೀಕ್ಷೆ ಮಾಡಬೇಕಂತೆ.

"ನಾಲ್ಕನೇ ಕ್ಲಾಸು ಓದಿದವಳಿಗೆ ಇದೆಲ್ಲ ಎಂತ ಗೊತ್ತಾಗ್ತದೆ ಡಾಕ್ಟ್ರೇ? ನಮ್ಮ ಮನೆಯವರು ಮಾಡ್ತಾರೆ."

"ಕಾಯಿಲೆ ಅವರದ್ದಲ್ಲವಲ್ಲಮ್ಮ. ಅನ್ನ ಬೆಂದದ್ದು ಓದಿ ತಿಳ್ಕೊಂಡ್ರಾ? ಬಣ್ಣ ನೋಡಿ, ಸಾಕು. ನೀಲಿಯೇ ಉಳಿದ್ರೆ ಸಕ್ಕರೆ ಇಲ್ಲ; ಹಸಿರಾದ್ರೆ ಸ್ವಲ್ಪ, ಹಳದಿಯಾದ್ರೆ ಇನ್ನೂ ಜಾಸ್ತಿ, ಕೆಂಪಾದ್ರೆ ತುಂಬಾ."

ಆ ನೀರನ್ನು ಅಡುಗೆಮನೆಗೆ ಒಯ್ಯಲು ಮನಸ್ಸು ಒಪ್ಪದೆ ಜಗಲಿಯ ಮೂಲೆಯಲ್ಲಿ ಕೂರುತ್ತಿದ್ದೆ. ಎಂಟು ಹನಿ ಹಾಕಬೇಕಾದಲ್ಲಿ ಎಣಿಕೆ ತಪ್ಪಿ ಹತ್ತಾಗುತ್ತಿತ್ತು. ಮೊದಲ ಟ್ಯೂಬು ಒಡೆಯಿತು. ಸಕ್ಕರೆ ಡಬ್ಬಿ ಅಟ್ಟ ಸೇರಿತು. ಅನ್ನ ಅರ್ಧವಾಯಿತು, ಹಸಿವು ಅರ್ಧವಾಗಲಿಲ್ಲ. ಹದಿನೈದು ದಿನವಾದರೂ ಬಣ್ಣ ಮಾತ್ರ ಅದೇ ಇಟ್ಟಿಗೆ. ನನ್ನ ಕೈಗುಣವೇ ಸರಿಯಿಲ್ಲ ಎಂದುಕೊಂಡು, ಗಂಡ ನೋಡುವ ಮೊದಲೇ ಟ್ಯೂಬು ತೊಳೆದಿಡುತ್ತಿದ್ದೆ. ಗಾಯ ನೋಡಿಕೊಳ್ಳಲೂ ಹೆದರಿಕೆ. ಸಾಕಾಗಿಹೋಗಿತ್ತು.

ಆ ವಾರ ಸಂತೆಗೆ ಹೋದ ಗಂಡ ಬೆಲ್ಲ ತರಲು ಮರೆತರು. ಬೈದುಕೊಂಡೇ ಮೂರು ದಿನ ಬೆಲ್ಲ ಹಾಕದ ಕಾಪಿ ಕುಡಿದೆ.

ನಾಲ್ಕನೆಯ ಬೆಳಿಗ್ಗೆ ಟ್ಯೂಬು ಹಸಿರಾಗಿತ್ತು.

ಸಕ್ಕರೆ ಎಂದರೆ ನಮಗೆ ದೊರೆಗಳ ಮನೆಯ ಬಿಳಿ ಸಕ್ಕರೆ, ಯಾರಾದರೂ ದೊಡ್ಡವರು ಬಂದಾಗ ತೆಗೆಯುವುದು. ಮನೆಮಂದಿಗೆ ಬೆಲ್ಲದ ಕಾಪಿ. ನಾನು ದಿನಕ್ಕೆ ಐದು ಲೋಟ ಕುಡಿಯುತ್ತಿದ್ದೆ. ಸಕ್ಕರೆ ಬಿಡಿ ಎಂದರೆ ಬೆಲ್ಲವನ್ನೂ ಬಿಡಬೇಕೆಂದು ನಮ್ಮ ಕಡೆ ಯಾರಿಗೆ ಹೊಳೆಯುತ್ತದೆ? ಆದರೂ ಖಾತ್ರಿಯಾಗಬೇಕಿತ್ತು. ಪಕ್ಕದ ಮನೆಯಿಂದ ಅಚ್ಚು ಬೆಲ್ಲ ತಂದು ಒಂದು ದಿನ ಮೊದಲಿನಂತೆಯೇ ಕುಡಿದೆ. ಮರುದಿನ ಕೆಂಪು.

ಡಾಕ್ಟರಿಗೆ ಹೇಳಿದೆ. ಅವರು ಹಣೆ ಮುಟ್ಟಿಕೊಂಡರು.

"ಬೆಲ್ಲ ಅಂತ ನಾನು ಹೇಳ್ಲೇ ಇಲ್ಲ. ತಪ್ಪು ನಂದೇ. ನೀವೇ ಕಂಡುಹಿಡಿದ್ರಿ, ಅಮ್ಮ."

ಆ ಮಾತು ಕೇಳಿ ಕಣ್ಣು ತುಂಬಿ ಬಂತು.

ಗಾಯ ನಿಧಾನವಾಗಿ ಒಣಗಿತು. ಬೆರಳು ಉಳಿದಿದೆ, ಕಾಯಿಲೆಯೂ ಉಳಿದಿದೆ. ಬೆಲ್ಲವಿಲ್ಲದ ಕಾಪಿ ಇಂದಿಗೂ ನನಗೆ ಕಷಾಯವೇ. ದಿನಾ ಎದ್ದು ಅದೇ ದೀಪ ಹಚ್ಚುವುದು, ಅದೇ ಹನಿ ಎಣಿಸುವುದು; ಬೇಸರ ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ಇವತ್ತು ಬೆಳಿಗ್ಗೆ ಟ್ಯೂಬು ಹಳದಿಗೆ ತಿರುಗಿತು. ತೊಳೆಯದೆ ಗಂಡನಿಗೆ ತೋರಿಸಿದೆ. ಅವರ ಮುಖ ಸಣ್ಣಗಾಯಿತು.

"ಡಾಕ್ಟ್ರಿಗೆ ಚೀಟಿ ಕಳಿಸ್ಲಾ?"

"ಎಂತಕ್ಕೆ? ನಿನ್ನೆ ಕಡುಬು ಎರಡು ಜಾಸ್ತಿ ತಿಂದೆ. ಇವತ್ತು ತಿನ್ನುದಿಲ್ಲ."