ಸಗಣಿ ಸಾರಿಸಿದ ಅಂಕಣ

ಮೊನ್ನೆ ಕುಷ್ಟಗಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ಅಂಗಳಕ್ಕೆ ಸಗಣಿ ಸಾರಿಸಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ತಾನೇ ನಿಂತಿತು. ಎಲ್ಲರಿಗೂ ಆ ವಾಸನೆಗೆ ಹಬ್ಬ ನೆನಪಾಗುತ್ತದೆ, ನನಗೆ ಬಾಸ್ಕೆಟ್‌ಬಾಲ್...

ನಮ್ಮ ಶಾಲೆಗೆ ಆಟ ಕಲಿಸಲು ಬಂದ ಅಕ್ಕೋರು ದೇಶದ ತಂಡದಲ್ಲಿ ಆಡಿ ಎರಡು ಸಲ ವಿದೇಶಕ್ಕೆ ಹೋಗಿ ಬಂದವರು. ಗಂಗಾವತಿಯವರು. ಮೊಣಕಾಲು ಕೈಕೊಟ್ಟ ಮೇಲೆ ಆಟ ಬಿಟ್ಟಿದ್ದರು. ವಿದೇಶದ ಸುದ್ದಿ ಕೇಳಲು ನಾವು ಬಾಯಿ ತೆರೆದು ಕೂತರೆ ನಕ್ಕುಬಿಡುತ್ತಿದ್ದರು. “ಆಡಿದ್ದು ಸ್ವಲ್ಪ, ಬೆಂಚಿನ ಮ್ಯಾಲೆ ಕುಂತಿದ್ದ ಭಾಳ” ಎನ್ನುತ್ತಿದ್ದರು.

ಶಾಲೆಯ ಬಯಲಿನಲ್ಲಿ ಚೆಂಡು ಪುಟಿಯುತ್ತಿರಲಿಲ್ಲ. ಧೂಳಿನಲ್ಲಿ ಧೊಪ್ಪೆಂದು ಬಿದ್ದು ಸುಮ್ಮನಾಗುತ್ತಿತ್ತು. ಸಿಮೆಂಟ್ ಹಾಕಿಸುವ ಮಾತು ಮಾತಾಗಿಯೇ ಉಳಿಯಿತು. ಕೊನೆಗೆ ಅಕ್ಕೋರು ನಮ್ಮ ಅಜ್ಜಿಯನ್ನು ಕರೆಸಿದರು. ಜೋಳದ ರಾಶಿಗೆ ಕಣ ಮಾಡುವುದರಲ್ಲಿ ಅಜ್ಜಿಯದು ಎತ್ತಿದ ಕೈ. ನೀರು ಹೊಡೆದು, ಮಣ್ಣು ಬಡಿದು, ಸಗಣಿ ಸಾರಿಸಿ ಒಣಗಿಸಿದ ಮೇಲೆ ಚೆಂಡು ಎದೆಯೆತ್ತರಕ್ಕೆ ಪುಟಿಯಿತು. ಅಜ್ಜಿಯದು ಒಂದೇ ಷರತ್ತು.

“ನೋಡ್ರಿ ಅಕ್ಕೋರ, ಕಣದಾಗ ಚಪ್ಪಲಿ ಹಾಕ್ಕೊಂಡು ಅಡ್ಡಾಡಬಾರ್ದು. ಬರಕತ್ ಇರಂಗಿಲ್ಲ, ರಾಶಿ ಹೆಚ್ಚಂಗಿಲ್ಲ.”

ಮೊದಲು ಶೂ ಬಿಚ್ಚಿದವರು ಅಕ್ಕೋರೇ. ವಿದೇಶದ ಪಂದ್ಯದಲ್ಲಿ ಹಾಕಿದ್ದ ಬಿಳಿ ಶೂ ಅವು. ನಾವೂ ಬರಿಗಾಲಲ್ಲೇ ಆಟ ಕಲಿತೆವು.

ಮುಂದೆ ಕೊಪ್ಪಳದಲ್ಲಿ ಜಿಲ್ಲಾ ಪಂದ್ಯ. ಅಲ್ಲಿ ಆಯ್ಕೆಯಾದರೆ ಕ್ರೀಡಾ ಹಾಸ್ಟೆಲ್, ಓದು. ಇಲ್ಲದಿದ್ದರೆ ಮದುವೆ, ಮನೆಯಲ್ಲಿ ಆಗಲೇ ಮಾತು ಶುರುವಾಗಿತ್ತು. ಶಾಲೆಯಿಂದ ಎಲ್ಲರಿಗೂ ಕ್ಯಾನ್ವಾಸ್ ಶೂ ಕೊಟ್ಟಿದ್ದರು. ಆದರೆ ಅಂಕಣದಲ್ಲಿ ಶೂ ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಮಹಾ ಬುದ್ಧಿವಂತೆ ನಾನು, ಅವನ್ನು ಮನೆಯಲ್ಲೇ ಬಿಟ್ಟು ಬರಿಗಾಲಲ್ಲಿ ಬಸ್ ಹತ್ತಿದ್ದೆ. “ಶೂ ಇಲ್ದ ಆಡಂಗಿಲ್ಲ” ಎಂದು ರೆಫರಿ ನನ್ನನ್ನು ಹೊರಗೆ ಕೂರಿಸಿದರು. ಅಳು ಒತ್ತರಿಸಿ ಬಂತು.

ಅಕ್ಕೋರು ಬೈಯಲಿಲ್ಲ. ತಮ್ಮ ಬಿಳಿ ಶೂ ಬಿಚ್ಚಿ, ಒಳಗೆ ಕರವಸ್ತ್ರ ತುರುಕಿ, ನನ್ನ ಕಾಲಿಗೆ ತಾವೇ ಲೇಸ್ ಕಟ್ಟಿದರು.

“ಬೆಂಚಿನ ಮ್ಯಾಲೆ ನಾ ಕುಂತಿದ್ದ ಸಾಕವ್ವಾ. ನೀ ಏಳು.”

ಮಟಮಟ ಮಧ್ಯಾಹ್ನ, ಸಿಮೆಂಟಿನ ನೆಲ. ಅಕ್ಕೋರು ಗೆರೆಯಾಚೆ ಒಂದು ಕಾಲೆತ್ತಿ ಒಂದು ಕಾಲಿಡುತ್ತ ಕೂಗುತ್ತಿದ್ದರು. ಖುಷಿಗೆ ಕುಣಿಯುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ...

ಪಂದ್ಯ ಸೋತೆವು, ಆದರೆ ನಾನು ಆಯ್ಕೆಯಾದೆ. ಬಸ್ಸಿನಲ್ಲಿ ಶೂ ಮರಳಿ ಕೊಟ್ಟಾಗ ಅವರು ಹಾಕಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದು, ಹಿಮ್ಮಡಿಯೂರಿ ನಡೆಯುತ್ತ ಇಳಿದು ಹೋದರು. ಅವರ ಅಂಗಾಲೆಲ್ಲ ಬೊಬ್ಬೆ ಎದ್ದಿತ್ತೆಂದು ಗೆಳತಿಯಿಂದ ತಿಳಿದದ್ದು ನಾನು ಹಾಸ್ಟೆಲ್ ಸೇರಿದ ಮೇಲೆ. ಅಷ್ಟರಲ್ಲಿ ಅವರಿಗೆ ವರ್ಗವಾಗಿತ್ತು.

ಓದಿದೆ, ನೌಕರಿಯೂ ಸಿಕ್ಕಿತು. ಒಮ್ಮೆ ಹೋಗಿ ಕಾಣಬೇಕು, ಕಾಣಬೇಕು ಎನ್ನುತ್ತಲೇ ವರ್ಷಗಳು ಉರುಳಿದವು. ನಾಚಿಕೆಯೂ ಇತ್ತು, ನಕ್ಕಿದ್ದೆನಲ್ಲ. ಹೋದ ತಿಂಗಳು ಗಂಗಾವತಿಯ ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರು ಅವರ ತಂಗಿ.

“ಭಾಳ ತಡ ಮಾಡಿದ್ರಿ. ಅಕ್ಕ ಹೋಗಿ ವರ್ಷ ಆತ್ರಿ.”

ಆ ಪಾದಗಳನ್ನು ಒಮ್ಮೆ ಮುಟ್ಟಬೇಕಿತ್ತು...

ಮೊನ್ನೆ ಆ ಅಂಗಳದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಬರಿಗಾಲಿಟ್ಟೆ. ನೆಲ ತಂಪಾಗಿತ್ತು.