ಹಾಲ್ ಕೇಳಿದವಳಿಗೆ ಚಪ್ಪಾಳೆ

ಪುಣೆಯ ನಮ್ಮ ಕನ್ನಡ ಸಂಘದಲ್ಲಿ ನನಗೊಂದು ಕಾಯಂ ಕೆಲಸವಿದೆ. ಇರುವುದು ಒಂದೇ ಮೈಕು, ಅದರ ವೈರು ವೇದಿಕೆ ಬಿಟ್ಟು ಇಳಿಯುವುದಿಲ್ಲ. ಹಾಗಾಗಿ ಸಭಿಕರು ಎದ್ದುನಿಂತು ಕೇಳಿದ್ದನ್ನು ನಾನು ಮೈಕಿನಲ್ಲಿ ಇನ್ನೊಮ್ಮೆ ಹೇಳಬೇಕು. ಹೇಳುವಾಗ ಒಂದಿಷ್ಟು ಒಪ್ಪ ಮಾಡುವುದು ರೂಢಿ. "ನನ್ನ ಗಾಡಿ ಯಾಂವ ಕೆಡವ್ಯಾನ್ರಿ?" ಎಂದು ಒಬ್ಬರು ಕೂಗಿದರೆ, ನನ್ನ ಬಾಯಲ್ಲಿ ಅದು "ಸದಸ್ಯರಲ್ಲಿ ಪರಸ್ಪರ ಸಹಕಾರದ ಅಗತ್ಯವಿದೆ" ಎಂದಾಗುತ್ತದೆ. ಈ ಕಲೆಗಾಗಿ ನನಗೆ ಶಾಲು ಕೂಡ ಹೊದಿಸಿದ್ದಾರೆ.

ಈ ಮಳೆಗಾಲದಲ್ಲಿ ಸಮಾನತೆಯ ಬಗ್ಗೆ ಒಂದು ಸಂವಾದ ಇಟ್ಟುಕೊಂಡೆವು. ವೇದಿಕೆಗೆ ಗೊತ್ತುಮಾಡಿದವರೆಲ್ಲ ಬ್ಯಾಂಕು, ಕಾಲೇಜು, ಬಟ್ಟೆ ಅಂಗಡಿಯವರೇ. ನಾವು ನಾವೇ ಮಾತಾಡಿಕೊಂಡರೆ ಜನ ಏನೆಂದಾರು ಎಂದು ನನಗೆ ಚಿಂತೆ ಹತ್ತಿತು. ಚಿಂತೆ ನನಗೆ ಬೇಗ ಹತ್ತುತ್ತದೆ; ಲೋಣಾವಳಾಕ್ಕೆ ಹೊರಟವನು ಗ್ಯಾಸ್ ಆರಿಸಿದ್ದೇನೆಯೇ ಎಂದು ದೇಹೂ ರೋಡ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಇಳಿದು ತಿರುಗಿ ಬಂದದ್ದಿದೆ. ನಮ್ಮ ಹೌಸಿಂಗ್ ಸೊಸೈಟಿಯ ಪಕ್ಕ ಏಳುತ್ತಿರುವ ಕಟ್ಟಡದಲ್ಲಿ ಯಾದಗಿರಿ ಕಡೆಯ ಹೆಂಗಸೊಬ್ಬಳು ಗಾರೆ ಹೊರುತ್ತಾಳೆ. ಕುಡಿಯುವ ನೀರಿಗೆ ಬಂದಾಗ ನನ್ನ ಹೆಂಡತಿಯೊಡನೆ ನಾಲ್ಕು ಮಾತಾಡಿ ಹೋಗುವವಳು. ಆಕೆಯನ್ನೇ ಸಭೆಗೆ ಕರೆದೆ.

"ಬಂದು ಏನ್ ಮಾಡ್ಲಿರಿ ಅಣ್ಣಾ?"

"ನಿಮ್ಮ ಅನುಭವ ಹೇಳ್ರಿ."

"ಅನುಭವ ಬಿಡ್ರಿ. ಮಗಳ ಕುಬಸ ಅದ, ಚೊಚ್ಚಲ ಬಸುರಿ. ಮಳಿಗಿ ಶೆಡ್ಡಿನಾಗ ಕಾಲಿಡಾಕ ಜಾಗಿಲ್ಲ. ನಿಮ್ಮ ಸಂಘದ ಹಾಲ್ ಒಂದೊಪ್ಪತ್ತು ಕೊಡ್ತಾರೇನ್ರಿ? ಪುಕಟ ಬ್ಯಾಡ, ಬಾಡಿಗಿ ಕೊಡ್ತೀವಿ."

ಸೀಮಂತಕ್ಕಾಗಲಿ ಮತ್ತೊಂದಕ್ಕಾಗಲಿ, ಹಾಲ್ ಸಿಗಬೇಕಾದರೆ ಸದಸ್ಯನೊಬ್ಬ ತನ್ನ ಹೊಣೆಯ ಮೇಲೆ ಶಿಫಾರಸು ಮಾಡಬೇಕು. ನಾನು ಸದಸ್ಯ. ಆಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಸಭಾದಾಗ ಎಲ್ಲಾರ ಮುಂದ ಕೇಳ್ರಿ, ಮಾತಿಗೆ ತೂಕ ಬರ್ತದ" ಎಂದೆ.

ಆಕೆ ಮಗಳನ್ನೂ ಕರೆದುಕೊಂಡು ಬಂದಳು. ಅತಿಥಿಗಳ ಭಾಷಣ ಮುಗಿದದ್ದೇ ಕೊನೆಯ ಸಾಲಿನಲ್ಲಿ ಎದ್ದುನಿಂತು ಕೇಳಿದಳು. "ಮರಾಠಿಯವ್ರ ಸೀರಿ ಸೇಲಿಗೆ ಹಾಲ್ ಕೊಟ್ಟೀರಂತ. ನಾವು ಕನ್ನಡದವ್ರ ಅದೀವಿ. ಕುಬಸಕ್ಕ ನಮಗ್ಯಾಕ ಕೊಡಬಾರದ್ರಿ?"

ಅಧ್ಯಕ್ಷರು ನನ್ನತ್ತ ನೋಡಿದರು. ಹೊಸ ಟೈಲ್ಸ್, ಗೋಡೆಗೆ ಎಲೆಯಡಿಕೆಯ ಕಲೆ, ಎಷ್ಟು ಮಂದಿ ಬರುತ್ತಾರೋ, ಏನಾದರೂ ಒಡೆದರೆ ಯಾರ ಹೆಸರು ಬರುತ್ತದೋ, ಎಲ್ಲ ಒಮ್ಮೆಲೇ ತಲೆಯಲ್ಲಿ ಸುತ್ತಿತು. ಮೈಕಿಗೆ ಬಾಯಿ ಇಟ್ಟೆ: "ಶ್ರಮಿಕರು ನಮ್ಮ ಸಂಸ್ಥೆಗಳಿಂದ ದೂರ ಉಳಿದಿರುವ ನೋವನ್ನು ಈ ಸೋದರಿ ಬಹಳ ಮನಮುಟ್ಟುವಂತೆ ಹಂಚಿಕೊಂಡಿದ್ದಾರೆ."

ಜೋರು ಚಪ್ಪಾಳೆ. ಅತಿಥಿಗಳು ಎದ್ದು ಕೈಮುಗಿದರು. ಆಕೆ ಮಾತ್ರ ಕೂರಲಿಲ್ಲ.

"ಅಣ್ಣಾ, ನಾ ಹಾಲ್ ಕೇಳೀನಿ. ಅದನ್ನ ಹೇಳಲೇ ಇಲ್ಲಲ್ಲ ನೀವು?"

ಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು. "ಸಿಕ್ಕಬಿದ್ರು ನೋಡ್ರಿ ನಿರೂಪಕ್ರು!" ಎಂದು ಮುಂದಿನ ಸಾಲಿನ ಬಟ್ಟೆ ವ್ಯಾಪಾರಿಯೊಬ್ಬರು ನಕ್ಕರು. ಅಧ್ಯಕ್ಷರು, "ಸದಸ್ಯರ ಶಿಫಾರಸು ಬೇಕಾಗ್ತದವ್ವಾ. ಯಾರರ ಮಾಡ್ತೀರೇನ್ರಿ?" ಎಂದು ಸಭೆಯನ್ನು ಕೇಳಿದರು. ಸಭೆ ಫ್ಯಾನ್ ನೋಡಿತು. ಆಕೆ ನನ್ನನ್ನೇ ನೋಡುತ್ತಿದ್ದಳು.

"ಮುಂದಿನ ಮೀಟಿಂಗಿನ್ಯಾಗ ಇಡೂಣು" ಎಂದೆ. ಈ ಮಾತಿಗೆ ಒಪ್ಪ ಮಾಡುವ ಕೆಲಸ ಬೀಳಲಿಲ್ಲ.

"ನಡೀಬೇ ಯವ್ವಾ" ಎಂದು ಮಗಳು ತಾಯಿಯ ಸೆರಗು ಜಗ್ಗಿದಳು.

ಮೀಟಿಂಗಿಗೆ ಮೊದಲೇ ಕುಬಸ ಬಂತು. ಅರೆಕಟ್ಟಿದ ಕಟ್ಟಡದ ಪಾರ್ಕಿಂಗಿನಲ್ಲಿ ಸಿಮೆಂಟು ಚೀಲಗಳನ್ನು ಸರಿಸಿ, ಮಳೆಯ ಇರಚಲಿಗೆ ತಾಡಪತ್ರಿ ಕಟ್ಟಿದ್ದರು. ನಮ್ಮನ್ನೂ ಕರೆದಿದ್ದಳು. ಹೆಂಡತಿ ಹಸಿರು ಬಳೆ ಹಿಡಿದು ಮುಂದೆ, ನಾನು ಹಿಂದೆ. ಹೋಗದಿದ್ದರೆ ಏನಂದುಕೊಂಡಾರು ಎಂಬ ಚಿಂತೆ ಬೇರೆ.

ನನ್ನನ್ನು ಕಂಡದ್ದೇ ಆಕೆ ವಾಚ್‌ಮನ್‌ನ ಕುರ್ಚಿ ತರಿಸಿದಳು. ಎಲ್ಲರೂ ಚಾಪೆಯ ಮೇಲಿದ್ದರು.

"ನಾನೂ ಕೆಳಗ ಕುಂದರ್ತೀನಿ ಬಿಡ್ರಿ."

"ಬ್ಯಾಡ್ರಿ ಅಣ್ಣಾ, ಮ್ಯಾಲೇ ಕುಂದರ್ರಿ. ನೀವು ಕೆಳಗ ಕುಂತ್ರ ನಮ್ಮ ಮಂದಿ ಸಂಕೋಚ ಮಾಡ್ತಾರ, ಹೊಟ್ಟಿ ತುಂಬ ಉಣ್ಣಂಗಿಲ್ಲ."

ಆ ದನಿಯಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ, ಇದ್ದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಷ್ಟೂ ಜನರಿಗಿಂತ ಎತ್ತರದಲ್ಲಿ ಕೂತು ಹೋಳಿಗೆ ತಿಂದೆ. ಚಾಪೆಯ ಮೇಲೆ ಹೆಂಗಸರ ನಡುವೆ ಕೂತಿದ್ದ ನನ್ನ ಹೆಂಡತಿ ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ.