ಮೋಡದ ಹೊಟ್ಟೆ

ನಮ್ಮ ಸೋದರಮಾವನನ್ನು ಜನ ಕರೆಯುವುದು ಮೋಡಪ್ಪ ಎಂದು. ಹೆತ್ತವರಿಟ್ಟ ಹೆಸರು ಬೇರೆ ಇದೆ. ಅದನ್ನು ಹಿಡಿದು ಕೂಗಿದರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವನೇ ಹಿಂದೆ ತಿರುಗಿ ನೋಡುತ್ತಾನೆ. ಫೋಟೋ ಸ್ಟುಡಿಯೋಗಳಿಗೆ ಹಿಂಬದಿಯ ಪರದೆ ಬರೆಯುವುದು ಅವನ ಕಸುಬು. ನೀಲಿ ಆಕಾಶ, ತುಂಬ ಬಿಳಿ ಮೋಡ, ಕೆಳಗೊಂದು ಬಳ್ಳಿ ಸುತ್ತಿದ ಕಟಕಟೆ. ಊರಿನ ಅರ್ಧ ಜನ ಆ ಮೋಡಗಳ ಮುಂದೆ ಕೂತು ಹಲ್ಲು ಕಿರಿದಿದ್ದಾರೆ. ನಾನೂ ಕೂತಿದ್ದೇನೆ, ಕೂಸಾಗಿದ್ದಾಗ, ಗಂಟಲು ಹರಿಯುವ ಹಾಗೆ ಅಳುತ್ತಾ.

ಪರದೆಗೆ ಬಟ್ಟೆಯ ಅಗಲ ಸಾಲುವುದಿಲ್ಲ. ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ ಹೊಲಿಯಬೇಕು. ಆ ಹೊಲಿಗೆ ನನ್ನ ಅಮ್ಮನದು. ಅಮ್ಮ ಮಾವನಿಗೆ ಅಕ್ಕ. ತಾಯಿ ತೀರಿಕೊಂಡ ಮೇಲೆ ಅವನ ಮೂಗು ಒರೆಸಿ, ತಲೆ ಬಾಚಿ, ಬೆನ್ನಿಗೆ ಗುದ್ದಿ ದೊಡ್ಡವನನ್ನಾಗಿ ಮಾಡಿದವಳು. ಪರದೆ ಬರೆದು ಮುಗಿದ ಮೇಲೆ ಅವಳು ಸೊಂಟದ ಮೇಲೆ ಕೈಯಿಟ್ಟು ದೂರ ನಿಂತು ನೋಡಬೇಕು. "ಹೊಲಿಗೆ ಕಾಣ್ತಿದೆ" ಎಂದಳೋ, ಮಾವ ತುಟಿ ಪಿಟಕ್ಕೆನ್ನದೆ ಅಲ್ಲೊಂದು ಮೋಡ ಕೂರಿಸುತ್ತಿದ್ದ. ಹೊಲಿಗೆಯ ಗೆರೆಯೇ ಮೋಡದ ತಳ. ಹೀಗಾಗಿ ಅವನ ಮೋಡಗಳೆಲ್ಲ ಕೆಳಗೆ ಚಪ್ಪಟೆ, ಮೇಲೆ ಹೂಕೋಸಿನ ಹಾಗೆ ಉಬ್ಬುಬ್ಬು.

ನಾನು ಶಾಲೆಯಲ್ಲಿ ಪಾಠ ಹೇಳುವವಳು, ಮನೆಯಲ್ಲೂ ಬಾಯಿ ಮುಚ್ಚಿ ಕೂರುವವಳಲ್ಲ. ಒಂದು ದಿನ ಅವನಿಗೆ ಹೇಳಿದೆ, "ಮಾವ, ನೀನು ಬರೆಯೋದು ರಾಶಿ ಮೋಡ. ಕ್ಯುಮುಲಸ್ ಅಂತಾರೆ. ತಳ ಚಪ್ಪಟೆ, ತಲೆ ಗುಂಡು, ಅಂಚು ಕತ್ತರಿಸಿಟ್ಟ ಹಾಗೆ ಸ್ಪಷ್ಟ. ಒಂದೊಂದೂ ಬಿಡಿಬಿಡಿ, ನಡುವೆ ನೀಲಿ ಕಾಣುತ್ತೆ. ಬೇರೆ ಮೋಡಗಳು ಒಂದೋ ಕಂಬಳಿ ಹೊದ್ದ ಹಾಗೆ ಆಕಾಶಾನೇ ಮುಚ್ಚುತ್ವೆ, ಇಲ್ಲ ತುಂಬ ಮೇಲೆ ಎಳೆ ಎಳೆಯಾಗಿ ಹರಡಿರುತ್ವೆ. ಸಣ್ಣ ಸಣ್ಣ ಉಂಡೆ ಸಾಲುಗಟ್ಟಿ ನಿಂತಿದ್ರೆ ಕೈ ಚಾಚಿ ಮುಷ್ಟಿ ಅಡ್ಡ ಹಿಡಿದು ನೋಡಬೇಕು. ಮುಷ್ಟಿಗಿಂತ ದೊಡ್ಡದಾದ್ರೆ ರಾಶಿ ಮೋಡ, ಬೆರಳಿನಷ್ಟಿದ್ರೆ ಅದು ಇನ್ನೂ ಎತ್ತರದ ಬೇರೆ ಜಾತಿ. ಅಷ್ಟು ಸರಿಯಾಗಿ ಎಲ್ಲಿ ನೋಡಿ ಕಲಿತೆ?"

ಮಾವ ನಕ್ಕುಬಿಟ್ಟ. "ನೋಡೋದಾ? ಆಕಾಶ ನೋಡ್ತಾ ಕೂತರೆ ಆಕಾಶ ಬರೆಯೋರು ಯಾರು ಪುಟ್ಟಿ? ನಮ್ಮ ಮೇಷ್ಟ್ರು ಬರೆದದ್ದು ನೋಡಿ ನಾನು ಬರೆದೆ."

ನನಗೆ ನಲವತ್ತು ದಾಟಿದೆ. ಅವನಿಗೆ ನಾನು ಇವತ್ತಿಗೂ ಪುಟ್ಟಿಯೇ.

ಆಮೇಲೆ ಸ್ಟುಡಿಯೋದವರು ಅಚ್ಚು ಹಾಕಿಸಿದ ಪ್ಲಾಸ್ಟಿಕ್ ಪರದೆ ತಂದರು. ಮಾವನ ಬ್ರಷ್‌ಗಳು ಡಬ್ಬಿಯಲ್ಲೇ ಒಣಗಿ ಕೋಲಾದವು. ಅದೇ ಹೊತ್ತಿಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡಳು. ಮೂಳೆ ಕೂಡುವವರೆಗೆ ಅಂಗಾತ ಮಲಗಿರಬೇಕು ಎಂದರು, ಮಲಗಿದಳು. ಮೂಳೆ ಕೂಡಿತು. ಇನ್ನು ದಿನಾ ಸ್ವಲ್ಪ ಸ್ವಲ್ಪ ಹೊತ್ತು ಕೂರಬೇಕು ಎಂದರು. ಅಮ್ಮ ಜಪ್ಪಯ್ಯ ಎಂದರೂ ಏಳಲಿಲ್ಲ. ನೋವಿನ ಹೆದರಿಕೆ ಒಂದು ಪಾಲು. ಉಳಿದದ್ದು ಏನೆಂದು ನನಗೆ ತಿಳಿಯಲಿಲ್ಲ. ವ್ಯಾಯಾಮ ಮಾಡಿಸಲು ಬಂದ ಹುಡುಗಿ ಗೋಗರೆದು ಗೋಗರೆದು ಹೋದಳು. ನಾನು ಕೂಗಾಡಿದೆ. ಡಾಕ್ಟರು ನನ್ನನ್ನು ಬಾಗಿಲ ಹೊರಗೆ ಕರೆದು, "ಈಗ ಕೂರದೇ ಹೋದ್ರೆ ಇನ್ನು ಯಾವತ್ತೂ ಕೂರಲ್ಲ, ನೋಡಿ" ಎಂದರು.

"ಕೂತು ನಾನು ನೋಡಬೇಕಾದ್ದು ಏನಿದೆ?" ಎಂದಳು ಅಮ್ಮ. ಆ ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಮೇಲೆ ನೋಡಿದರೆ ಫ್ಯಾನು, ಅದರ ಸುತ್ತ ಮಸಿ ಹಿಡಿದ ಸೂರು.

ಮಾವ ದಿನಾ ಸಂಜೆ ಬಂದು ಮಂಚದ ಬುಡದಲ್ಲಿ ಕೂರುತ್ತಿದ್ದ. ಅಕ್ಕ ನೋಡುವ ಸೂರನ್ನೇ ಇವನೂ ನೋಡುವುದು. ಒಂದು ಸಂಜೆ, "ಪುಟ್ಟಿ, ಅಕ್ಕನ್ನ ಸ್ವಲ್ಪ ದಿನ ಹಜಾರಕ್ಕೆ ಸಾಗಿಸು. ಸೂರಿಗೆ ಆಕಾಶ ಬರೀತೀನಿ" ಎಂದ. ಅವನ ಮುಖದಲ್ಲಿ ಕಳೆ ಬಂದದ್ದನ್ನು ಎಷ್ಟೋ ದಿನದ ಮೇಲೆ ಕಂಡೆ.

ಬರೆದ. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಸ್ಟುಡಿಯೋದ ಅತಿ ದೊಡ್ಡ ಪರದೆಯನ್ನೇ ಸೂರಿಗೆ ಅಂಟಿಸಿದಂತಿತ್ತು. ಮೋಡಗಳ ಚಪ್ಪಟೆ ತಳವೆಲ್ಲ ಮಲಗುವವರ ಕಾಲ ಕಡೆಗೆ, ಉಬ್ಬಿದ ತಲೆಯೆಲ್ಲ ತಲೆದಿಂಬಿನ ಕಡೆಗೆ. ಅಮ್ಮನನ್ನು ಮಂಚದ ಸಮೇತ ಒಳಗೆ ತಂದೆವು. ಅವಳು ಕಣ್ಣು ಬಿಟ್ಟು ನೋಡಿದಳು, ತಕ್ಷಣ ಮುಚ್ಚಿಕೊಂಡು ಎರಡೂ ಕೈಯಿಂದ ಮಂಚದ ಅಂಚು ಹಿಡಿದಳು.

"ಗೋಡೆ ಬಂದು ನನ್ನ ಮೇಲೆ ಬಿದ್ದಿದೆ ಕಣೋ. ತಲೆ ಸುತ್ತುತ್ತೆ" ಎಂದಳು.

ಮಾವನ ಮುಖ ಇಷ್ಟೇ ಇಷ್ಟಾಯಿತು. ನನಗೆ ಪಿತ್ತ ನೆತ್ತಿಗೇರಿತು. ಆ ವಯಸ್ಸಿನಲ್ಲಿ ಏಣಿ ಹತ್ತಿ, ಕತ್ತು ಮುರಿದುಕೊಂಡು ಬರೆದವನಿಗೆ ಒಂದು ಒಳ್ಳೆಯ ಮಾತು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಹಾಗೆಂದು ಹೇಳಿಯೂ ಬಿಟ್ಟೆ. ಅಮ್ಮ ಕಣ್ಣು ತೆರೆಯಲಿಲ್ಲ.

ಮರುದಿನ ಮಾವ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹುಡುಕಿಕೊಂಡು ಅವನ ಮನೆಗೆ ಹೋದರೆ ಮಹಡಿಯ ಮೇಲೆ, ನಡುಮಧ್ಯಾಹ್ನದ ಬಿಸಿಲಲ್ಲಿ, ಚಾಪೆಯ ಮೇಲೆ ಅಂಗಾತ ಬಿದ್ದಿದ್ದ. "ಮಾವ!" ಎಂದು ಕಿರುಚಿದೆ.

"ಕಿರುಚಬೇಡ. ಬಂದು ಇಲ್ಲಿ ಮಲಕ್ಕೋ" ಎಂದ, ತಲೆಯನ್ನೂ ಎತ್ತದೆ.

ಎದುರು ಮನೆಯವರು ನೋಡಿದರೆ ಏನೆಂದುಕೊಂಡಾರು ಎಂದು ಗೊಣಗುತ್ತಲೇ ಪಕ್ಕದಲ್ಲಿ ಮಲಗಿದೆ.

"ಅಗೋ, ದೂರ, ಆ ನೀರಿನ ಟ್ಯಾಂಕಿನ ಹಿಂದೆ ಇರೋದನ್ನ ನೋಡು. ನನ್ನ ಪರದೆಯಲ್ಲಿರೋದೇ ತಾನೆ? ತಳ ಇದೆ, ಉಬ್ಬಿದೆ, ಬೆಳ್ಳಗಿದೆ. ಈಗ ನೆಟ್ಟಗೆ ಮೇಲೆ ನೋಡು. ಇದಕ್ಕೆ ತಲೆ ಎಲ್ಲಿದೆ?"

ತಲೆ ಇರಲಿಲ್ಲ. ನಮ್ಮ ನೆತ್ತಿಯ ಮೇಲಿದ್ದ ಮೋಡ ಬರಿಯ ಬೂದು ಬಣ್ಣದ ಹರಹು, ಅಂಚಿಗೆ ಮಾತ್ರ ಬೆಳ್ಳಿಯ ಹಾಗೆ ಹೊಳೆಯುವ ಬಿಳುಪು.

"ನಾನು ಬರೆದದ್ದು ನಿಂತವರ ಆಕಾಶ" ಎಂದ ಮಾವ. "ಮಲಗಿದೋರಿಗೆ ಕಾಣೋದು ಮೋಡದ ಹೊಟ್ಟೆ. ಅಕ್ಕ ಸರಿಯಾಗೇ ಹೇಳಿದ್ಲು. ನಾನೇ ಗೋಡೆ ಕಿತ್ತು ಅವಳ ಮೇಲೆ ಹಾಕಿದೆ."

ವರ್ಷ ವರ್ಷವೂ ಕಪ್ಪು ಹಲಗೆಯ ಮೇಲೆ ಅದೇ ಹೂಕೋಸು ಬರೆಯುತ್ತಾ ಬಂದ ನನಗೂ ಇದು ಹೊಳೆದಿರಲಿಲ್ಲ. ಇಬ್ಬರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಇನ್ನೂ ಸ್ವಲ್ಪ ಹೊತ್ತು ಮಲಗಿದ್ದೆವು.

ಅಮ್ಮನನ್ನು ಮತ್ತೆ ಹಜಾರಕ್ಕೆ ಸಾಗಿಸಿದ ಮೇಲೆ ಮಾವ ಎಲ್ಲ ಬಳಿದು ಹಾಕಿ ಮೊದಲಿಂದ ಬರೆದ. ಈ ಸಲ ನಡುವೆ ಬೂದು ಹೊಟ್ಟೆಗಳು. ಗೋಡೆಗಳತ್ತ ಸರಿದಂತೆ ಮೋಡಗಳು ಪಕ್ಕಕ್ಕೆ ವಾಲಿ ಸ್ವಲ್ಪ ಹೊಟ್ಟೆ, ಸ್ವಲ್ಪ ತಲೆ ತೋರಿಸುತ್ತಿದ್ದವು. ತೀರ ಅಂಚಿನಲ್ಲಿ ಸುತ್ತಲೂ ಪುಟ್ಟ ಪುಟ್ಟ ಬಿಳಿ ರಾಶಿಗಳು, ತಳ ಗೋಡೆಯ ಕಡೆಗೆ. ನಿಂತು ನೋಡಿದ ನನಗೆ ಅಷ್ಟೇನೂ ರುಚಿಸಲಿಲ್ಲ. ನನ್ನ ಗಂಡನಂತೂ ಬಾಗಿಲಲ್ಲೇ ನಿಂತು, "ಸೂರು ಯಾವಾಗಿಂದ ಸೋರ್ತಿದೆ?" ಎಂದು ಕೇಳಿದ. ಮಾವ ಪಾಪ, ಅದಕ್ಕೂ ನಕ್ಕ.

ಅಮ್ಮನನ್ನು ಒಳಗೆ ತಂದೆವು. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ಅವಳ ನೋಟ ಒಂದು ಮೋಡದಿಂದ ಇನ್ನೊಂದಕ್ಕೆ ಹೋಯಿತು, ಅಂಚಿನವರೆಗೆ ಹೋಗಿ ಮರಳಿ ಬಂತು.

"ಮಳೆ ಮೋಡ ಯಾಕೋ ಬರೆದೆ?" ಎಂದಳು.

"ಮಳೇದಲ್ಲ ಅಕ್ಕ. ಒಳ್ಳೇ ಬಿಸಿಲಿನ ಮೋಡ. ಮಳೇದಾಗಿದ್ರೆ ಬೆಟ್ಟದ ಹಾಗೆ ಎತ್ತರಕ್ಕೆ ಬೆಳೆದು ಇನ್ನೂ ಕಪ್ಪಗಿರ್ತಿತ್ತು. ಇದರ ಮೇಲ್ಗಡೆ ಬಿಸಿಲು ಬಿದ್ದಿದೆ, ನಾವು ನೆರಳಿನ ಕಡೆ ಇದ್ದೀವಿ."

"ಬಿಳಿ ಮೋಡದ ಹೊಟ್ಟೆ ಬೂದು ಇರುತ್ತಾ? ಯಾರ ಕಿವಿಗೆ ಹೂ ಇಡ್ತೀಯ?"

"ನಿಜ ಅಕ್ಕ. ನೋಡ್ಕೊಂಡು ಬಂದೆ."

"ನೀನು ನೋಡಿದ್ರೆ ಆಯ್ತಾ? ನಾನು ನೋಡಬೇಕು. ತಪ್ಪಿದ್ರೆ ಮತ್ತೆ ಬಳಿಸ್ತೀನಿ."

ಎಷ್ಟೋ ತಿಂಗಳ ನಂತರ ಅಮ್ಮ ಅಮ್ಮನ ಹಾಗೆ ಮಾತಾಡಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ಕೈ ಅದುಮಿದ. "ಮಂಚ ಹೊರಬಾಗಿಲ ಮೆಟ್ಟಿಲು ಇಳಿಯಲ್ಲ ಅಕ್ಕ. ಕುರ್ಚಿ ಆದ್ರೆ ಇಳಿಯುತ್ತೆ" ಎಂದ, ಏನೂ ಅರಿಯದವನ ಹಾಗೆ.

ಅಮ್ಮ ಅವನನ್ನು ದುರುಗುಟ್ಟಿ ನೋಡಿದಳು. ಅವನ ಆಟ ಅವಳಿಗೆ ತಿಳಿಯದ್ದೇನಲ್ಲ. ಆದರೂ ಮರುದಿನ ಬೆಳಿಗ್ಗೆ ವ್ಯಾಯಾಮದ ಹುಡುಗಿಗೆ ಹೇಳಿ ಕಳಿಸಿದಳು. ಮೊದಲ ಸಲ ಎಬ್ಬಿಸಿದಾಗ ಕಣ್ಣಲ್ಲಿ ನೀರು ತುಂಬಿ, "ಸಾಕು ಸಾಕು" ಎಂದು ಒರಗಿದಳು. ಆಮೇಲೆ ಹಲ್ಲು ಕಚ್ಚಿ ಐದು ನಿಮಿಷ, ಹೀಗೇ ಮುಂದುವರಿದು ಹತ್ತು ನಿಮಿಷ ಕೂರುವಂತಾದಳು. ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ.

ಹೊರಗೆ ಕರೆದುಕೊಂಡು ಹೋದ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಒಂದು ತುಣುಕು ಮೋಡವಿಲ್ಲ. ಮಾವ ಕುರ್ಚಿಯ ಹಿಂದೆ ನಿಂತು ಅಪರಾಧಿಯ ಹಾಗೆ ಮೇಲೆ ಕೆಳಗೆ ನೋಡಿದ.

"ಇನ್ನೂ ನೆಲ ಕಾದಿಲ್ಲಮ್ಮ" ಎಂದೆ. "ನೆಲ ಕಾದು, ಬಿಸಿ ಗಾಳಿ ಮೇಲೆ ಹೋಗಬೇಕು. ಮೇಲೆ ತಂಪಲ್ಲಿ ಅದರೊಳಗಿನ ಆವಿ ಹನಿಯಾದಾಗ ಈ ಮೋಡ ಹುಟ್ಟೋದು. ಎಲ್ಲ ಒಂದೇ ಎತ್ತರದಲ್ಲಿ ಹುಟ್ಟುತ್ವೆ, ಅದಕ್ಕೇ ತಳ ಚಪ್ಪಟೆ. ಇನ್ನೂ ಒಂದು ಗಂಟೆಯಾದ್ರೂ ಬೇಕು. ಒಳಗೆ ಹೋಗಿ ಮಲಗು, ಬಂದಾಗ ಕರೀತೀವಿ."

"ಕಾಯ್ತೀನಿ" ಎಂದಳು ಅಮ್ಮ.

ಕಾದಳು. ಕುರ್ಚಿಯ ಕೈಗಳನ್ನು ಹಿಡಿದ ಬೆರಳು ಬಿಳಿಚಿದ್ದವು, ತುಟಿಯ ಮೇಲೆ ಬೆವರು. ನಾನು ಮತ್ತೆ ಮತ್ತೆ ಕೇಳಿ ಬೈಸಿಕೊಂಡೆ. ಬಿಸಿಲೇರಿತು. ಮನೆಗಳ ಮೇಲೆ ಹಿಂಜಿದ ಹತ್ತಿಯಷ್ಟು ಬಿಳುಪು ಮೂಡಿತು, ಕರಗುವ ಬದಲು ದಪ್ಪವಾಯಿತು, ತಳ ಚಪ್ಪಟೆಯಾಯಿತು. ಗಾಳಿಗೆ ನಿಧಾನವಾಗಿ ನಮ್ಮತ್ತ ತೇಲಿ ನೆತ್ತಿಗೆ ಬಂದಾಗ ಅಮ್ಮ ತಲೆ ಹಿಂದಕ್ಕೆ ಚೆಲ್ಲಿದಳು. ಮಾವ ಎರಡೂ ಅಂಗೈಯಲ್ಲಿ ಅದನ್ನು ಹಿಡಿದುಕೊಂಡ.

"ಬೂದು ಬಣ್ಣವೇ ಕಣೋ" ಎಂದಳು.

ಮಾವ ಮೇಲೆ ನೋಡುತ್ತಿರಲಿಲ್ಲ. ತಲೆಕೆಳಗಾಗಿ ಕಾಣುತ್ತಿದ್ದ ಅಕ್ಕನ ಮುಖವನ್ನೇ ನೋಡುತ್ತಾ ಅಳುತ್ತಿದ್ದ. "ಸಾಕಾಯ್ತಾ ಅಕ್ಕ? ಒಳಗೆ ಹೋಗೋಣ್ವಾ?" ಎಂದು ಕೇಳಿದ.

"ಸುಮ್ನಿರೋ" ಎಂದಳು ಅಮ್ಮ. "ಅಲ್ಲಿ ಇನ್ನೊಂದು ಬರ್ತಿದೆ."